ಮರಿಲಿಂಗಮ್ಮನ ಕಾಲ್ಗುಣ

ಕೊಂಕಲ್‌ನಲ್ಲಿ ಯಾರೇ ಮನೆ ಕಟ್ಟಲಿ, ಟ್ರ್ಯಾಕ್ಟರ್ ತರಲಿ, ಕಿರಾಣಿ ಅಂಗಡಿ ಇಡಲಿ, ಮೊದಲ ಹೆಜ್ಜೆ ಮರಿಲಿಂಗಮ್ಮನದೇ ಆಗಬೇಕಿತ್ತು. ಸ್ವಾಮಿಗಳು ತಡವಾಗಿ ಬಂದರೂ ಹೇಗೋ ನಡೆಯುತ್ತಿತ್ತು, ಆಕೆ ತಡವಾದರೆ ಮುಹೂರ್ತವೇ ಮುಂದಕ್ಕೆ ಹೋಗುತ್ತಿತ್ತು. ಹೊಸ ಟ್ರ್ಯಾಕ್ಟರ್ ಬಂದರೆ ನಾಲ್ಕು ಜನ ಸೇರಿ ಆಕೆಯನ್ನು ಮೇಲೆ ಹತ್ತಿಸಿ ಕೂಡಿಸುತ್ತಿದ್ದರು. ದಪ್ಪ ಹೆಂಗಸು, ಹತ್ತುವುದರೊಳಗೆ ಏದುಸಿರು. ಆದರೂ ಮುಖದ ತುಂಬ ನಗು. ಇಳಿದ ಮೇಲೆ ಉಡಿಯಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ ತುಂಬಿಸಿಕೊಂಡು ಮನೆಗೆ ಬರುತ್ತಿದ್ದಳು. ಅಂಥ ಖಣಗಳಿಂದ ಆಕೆಯ ಕಬ್ಬಿಣದ ಪೆಟ್ಟಿಗೆ ಮುಚ್ಚಳ ಹಾಕಲಾಗದಷ್ಟು ತುಂಬಿತ್ತು.

ನಾನು ಅದೇ ಓಣಿಯವನು. ಯಾದಗಿರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಶಕುನ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಲ್ಲಿ ಲೊಚಗುಟ್ಟಿದರೆ ಸಹಿ ಹಾಕದ ಸಾಹೇಬರ ಕೈಕೆಳಗೆ ಬಾಳಿದವನ ಮೈ ಉರಿಯದೆ ಇನ್ನೇನಾದೀತು? ಆದರೆ ನಾನು ಮನೆ ಕಟ್ಟಿಸಿದಾಗ, ಮರಿಲಿಂಗಮ್ಮನ ಹೆಜ್ಜೆ ಬೀಳದೆ ಒಲೆ ಹೊತ್ತಿಸುವುದಿಲ್ಲ ಎಂದು ನನ್ನ ಹೆಂಡತಿ ಹಟ ಹಿಡಿದಳು. ನಾನೇ ಹೋಗಿ ಆಕೆಯನ್ನು ಕೈಮುಗಿದು ಕರೆದುಕೊಂಡು ಬಂದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಆಕೆಗೆ ಈ ಮರ್ಯಾದೆ ಬಂದದ್ದು ಮದುವೆಯಾಗಿ ನಮ್ಮೂರಿಗೆ ಬಂದ ದಿನವೇ. ಆಗ ನಮ್ಮ ಕಡೆ ಕಾಲುವೆ ತೋಡಿ ವರ್ಷಗಳಾಗಿದ್ದರೂ ನೀರು ಬಂದಿರಲಿಲ್ಲ. ಕಾಲುವೆಯ ತಳದಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು, ಕುರಿಯವರು ಕುರಿ ತರುಬುತ್ತಿದ್ದರು. ಇವತ್ತು ನೀರು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಕೇಳಿ ಕೇಳಿ ಜನಕ್ಕೆ ಸಾಕಾಗಿತ್ತು. ಅಂಥ ಬೇಸಿಗೆಯ ಕೊನೆಯಲ್ಲಿ ಈಶಪ್ಪನ ಜೊತೆ ಆಕೆಯ ಮದುವೆಯಾಯಿತು. ಹೆಣ್ಣು ಹತ್ತಿರದ ಊರಿನವಳು, ಮುಂಜಾನೆ ಬಂಡಿ ಹೂಡಿದರೆ ಮಧ್ಯಾಹ್ನದೊಳಗೆ ಮುಟ್ಟುವ ದಾರಿ. ಗಂಡಿನವರು ಹಿಂದಿನ ದಿನವೇ ಮರಳಿದ್ದರು, ಮದುಮಗಳು ತನ್ನ ಅಣ್ಣನ ಜೊತೆ ಬರಬೇಕಿತ್ತು. ಮಧ್ಯಾಹ್ನ ದಾಟಿ ಸಂಜೆಯಾದರೂ ಬಂಡಿಯ ಸುಳಿವಿಲ್ಲ. ಹೊತ್ತು ಮುಳುಗುವಾಗ ಊರ ಅಗಸಿ ಬಾಗಿಲಲ್ಲಿ ಮದುಮಗಳು ಕಾಣಿಸಿದಳು, ಸೀರೆ ಮೊಣಕಾಲಿನವರೆಗೂ ತೊಯ್ದಿತ್ತು. ಅದೇ ಗಳಿಗೆಯಲ್ಲಿ ಅಗಸಿಯ ಪಕ್ಕದ ಹೊಲಗಾಲುವೆಯಲ್ಲಿ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ಜನ ಮದುಮಗಳನ್ನು ನೋಡಿದರು, ನೀರನ್ನು ನೋಡಿದರು, ಮತ್ತೆ ಮದುಮಗಳನ್ನು ನೋಡಿದರು. ಆಕೆಯ ಅತ್ತೆ ಬಾಲಮ್ಮ ಆರತಿ ತಟ್ಟೆ ಹಿಡಿದುಕೊಂಡೇ, "ನಮ್ಮ ಸೊಸಿ ಗಂಗವ್ವನ್ನ ಬೆನ್ನ ಹಿಂದ ಕರಕೊಂಡು ಬಂದಾಳ" ಎಂದುಬಿಟ್ಟಳು. ಅಲ್ಲಿಗೆ ಮುಗಿಯಿತು.

ನಡೆದದ್ದು ಬೇರೆಯೇ ಇತ್ತು, ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಂಡಿಯ ದಾರಿ ಒಣಗಿದ ಕಾಲುವೆಯೊಳಗೆ ಇಳಿದು ದಾಟುತ್ತಿತ್ತು, ಸೇತುವೆ ಇನ್ನೂ ಕಟ್ಟಿರಲಿಲ್ಲ. ಬಂಡಿ ಅಲ್ಲಿಗೆ ಬರುವ ಹೊತ್ತಿಗೆ ಕಾಲುವೆಯಲ್ಲಿ ಆಗಲೇ ನೀರಿತ್ತು. ಹುಟ್ಟಿದಾಗಿನಿಂದ ಅಷ್ಟು ಹರಿಯುವ ನೀರು ಕಂಡಿರದ ಎತ್ತುಗಳು ಕಾಲು ಇಡಲೊಲ್ಲವು. ಬಂಡಿ ಹೊಡೆಯುತ್ತಿದ್ದ ನಬಿಸಾಬ ಬಾರುಕೋಲು ಮುರಿಯುವಂತೆ ಹೊಡೆದ, ಎತ್ತುಗಳಿಗೆ ಮುದ್ದು ಮಾಡಿದ, ಅವುಗಳ ತಾಯಿ ತಂದೆಯರನ್ನು ಬೈದ. ಮದುಮಗಳು ಬಿಸಿಲಲ್ಲಿ ದಂಡೆಯ ಮೇಲೆ ಕುಳಿತು, ಹಸಿದು, ಕೊನೆಗೆ ಸಂಜೆ ತಾನೇ ಇಳಿದು ಅಣ್ಣನ ಹೆಗಲು ಹಿಡಿದು ನೀರು ದಾಟಿದಳು. ಅಷ್ಟರಲ್ಲಿ ಆ ನೀರೇ ತೂಬಿನಿಂದ ತಿರುಗಿ ನಮ್ಮ ಹೊಲಗಾಲುವೆಗೂ ಬಂದಿತ್ತು. ಬಂಡಿ ಬಿಟ್ಟು ಜೊತೆಗೇ ನಡೆದು ಬಂದ ನಬಿಸಾಬ ಇದನ್ನು ಹೇಳಲು ಬಾಯಿ ತೆರೆದದ್ದೂ ನಿಜ. ಆದರೆ ಬಾಲಮ್ಮ ಆ ಬಾಯಿಗೆ ಹೋಳಿಗೆ ತುರುಕಿ, "ತಿನ್ನಪ್ಪ, ದಣಿದಿದ್ದಿ" ಎಂದಳು. ಮದುಮಗಳೂ ಸುಮ್ಮನಿದ್ದಳು. ಹೊಸ ಮನೆ, ಹೊಸ ಜನ, ಬಂದ ಗಳಿಗೆಯಲ್ಲೇ ಇಷ್ಟು ಹೊಗಳಿಕೆ. ಯಾರು ತಾನೇ ಬೇಡವೆಂದಾರು?

ಸುಮ್ಮನಿದ್ದುದರಿಂದ ಆಕೆಗೆ ಒಳ್ಳೆಯದೇ ಆಯಿತು. ಬಾಲಮ್ಮ ಮಾತಿಗೊಮ್ಮೆ ಕೈ ಎತ್ತುವ ಹೆಂಗಸು, ಆದರೆ ಈ ಸೊಸೆಗೆ ಒಂದು ದಿನವೂ ಗಟ್ಟಿಯಾಗಿ ಮಾತಾಡಲಿಲ್ಲ. ಮೂಲೆಮನೆಯ ಸಾಯಬಮ್ಮನ ಗತಿ ಬೇರೆಯಾಯಿತು. ಆಕೆಯೂ ಅದೇ ವರ್ಷ ಮದುವೆಯಾಗಿ ಬಂದವಳು. ಬಂದ ವಾರದಲ್ಲೇ ಮನೆಯ ಎತ್ತು ಸತ್ತಿತು. ಎತ್ತು ನುಂಗಿದಾಕಿ ಎಂದು ಹೆಸರಿಟ್ಟರು. ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಕಳಿಸಿದವರು ಮತ್ತೆ ಕರೆಯಲು ಹೋಗಲೇ ಇಲ್ಲ. ಮರಿಲಿಂಗಮ್ಮ ಆ ಬಂಡಿ ಹೋಗುವುದನ್ನು ತನ್ನ ಹೊಸ್ತಿಲಲ್ಲಿ ನಿಂತು ನೋಡಿದ್ದಳು. ಇಬ್ಬರ ನಡುವೆ ಇದ್ದದ್ದು ಬರೀ ಒಂದು ಆಕಸ್ಮಿಕದ ಅಂತರ ಎಂಬುದು ಆಕೆಗೆ ಗೊತ್ತಿತ್ತು.

ಹೀಗೆ ದಿನ ಹೋದವು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಬಂಡಿಗಳು ಹೋಗಿ ಟ್ರ್ಯಾಕ್ಟರ್ ಬಂದವು, ಬಾಲಮ್ಮ ತೀರಿಕೊಂಡಳು. ಮರಿಲಿಂಗಮ್ಮನ ಮಗ ಹುಲಗಪ್ಪ ದೊಡ್ಡವನಾಗಿ ತನ್ನದೇ ಟ್ರ್ಯಾಕ್ಟರ್ ಓಡಿಸತೊಡಗಿದ. ಅವನಿಗೆ ಸುರಪುರದ ಕಡೆಯ ಮೋನಮ್ಮ ಎಂಬ ಹುಡುಗಿಯನ್ನು ತಂದರು. ಬಿ.ಎಡ್. ಓದಿದವಳು, ನಮ್ಮೂರ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುವ ಕೆಲಸವೂ ಸಿಕ್ಕಿತು. ತೆಳ್ಳಗೆ, ಕಡ್ಡಿ ಮುರಿದಂತೆ ಮಾತು. ಮರಿಲಿಂಗಮ್ಮನಿಗೆ ಸೊಸೆಯನ್ನು ಕಂಡರೆ ಜೀವ. ಮಾತಾಡಿಸುವವರಿಗೆಲ್ಲ, "ಇಂಗ್ಲಿಷ್ ಪೇಪರ್ ಸರಸರ ಓದತಾಳ್ರಿ, ನಮಗ ಅರ್ಥ ಆಗೂದಿಲ್ಲ, ಕೇಳಾಕ ಚಂದ" ಎನ್ನುತ್ತಿದ್ದಳು.

ಆದರೆ ಮೋನಮ್ಮ ಮನೆ ತುಂಬಿದ ದಿನವೇ ಉಪಕಾಲುವೆ ಒಡೆಯಿತು. ಏಡಿಗಳು ದಂಡೆ ಕೊರೆದಿದ್ದವೋ, ಮಣ್ಣೇ ಸಡಿಲವಾಗಿತ್ತೋ, ಯಾರಿಗೂ ತಿಳಿಯದು. ನಾಟಿ ಮಾಡಿದ ಗದ್ದೆಗಳ ಮೇಲೆ ಉಸುಕು ಬಂದು ಕೂತಿತು. ಹೆಚ್ಚು ಹಾಳಾದದ್ದು ಈಶಪ್ಪನ ಅಣ್ಣ ಅಂಬ್ರಪ್ಪನ ಗದ್ದೆ. ಅಂಬ್ರಪ್ಪ ಆ ಮನೆತನಕ್ಕೆ ಹಿರಿಯ. ಅವನ ಮಾತಿಗೆ ಈಶಪ್ಪ ತಲೆ ಎತ್ತಿದವನಲ್ಲ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಬಿಡಬೇಕಾದ ವಿಷಯ. ಆದರೆ ಅತ್ತೆ ಬಂದಾಗ ನೀರು ಬಂದ ಊರಲ್ಲಿ ಸೊಸೆ ಬಂದಾಗ ಕಾಲುವೆ ಒಡೆದರೆ ಯಾರು ಸುಮ್ಮನಿರುತ್ತಾರೆ? ಬಾವಿಕಟ್ಟೆಯಲ್ಲಿ, ಹೋಟೆಲಿನಲ್ಲಿ, ಶಹಾಪುರದ ಬಸ್ಸಿನಲ್ಲಿ ಅದೇ ಮಾತು. ಈ ಬೆಳೆ ಬರುವತನಕ ಹುಡುಗಿ ತವರಿನಲ್ಲಿ ಇರಲಿ ಎಂದು ಅಂಬ್ರಪ್ಪ ತೀರ್ಮಾನ ಕೊಟ್ಟ. ಹುಲಗಪ್ಪ ದೊಡ್ಡಪ್ಪನಿಗೂ ಹೂಂ ಅಂದ, ಹೆಂಡತಿಗೂ ಹೂಂ ಅಂದ. ಯಾರಿಗೂ ಇಲ್ಲವೆನ್ನದೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವನ ಬಾಳು. ನನಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತ್ತು.

ಆ ದಿನಗಳಲ್ಲೂ ಮೋನಮ್ಮ ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ನಾನು ನನ್ನ ಬಾಗಿಲಲ್ಲಿ ಪೇಪರು ಹಿಡಿದು ಕುಳಿತಿದ್ದೆ, ಮರಿಲಿಂಗಮ್ಮ ಕಟ್ಟೆಯ ಆ ತುದಿಯಲ್ಲಿ ಮೊರದ ಅಕ್ಕಿ ಆರಿಸುತ್ತಿದ್ದಳು. ಅವತ್ತಿನ ಇಂಗ್ಲಿಷ್ ಪಾಠದಲ್ಲಿ ಆಗರ್ (augur) ಎಂಬ ಕ್ರಿಯಾಪದ ಬಂದಿತ್ತು. ಅದರ ಅರ್ಥವೇನೆಂದು ಮಕ್ಕಳು ಕೇಳಿದರು.

"ಮುಂದ ಆಗೂದನ್ನ ಈಗಿನ ಒಂದು ಗುರುತು ತೋರಸತದಲ್ಲ, ಅದಕ್ಕ ಆಗರ್ ಅಂತಾರ," ಎಂದಳು ಮೋನಮ್ಮ. "ಹಿಂದ ರೋಮ್ ದೇಶದಾಗ ಹಕ್ಕಿ ಹಾರೂದು ನೋಡಿ ಭವಿಷ್ಯ ಹೇಳೋ ಪೂಜಾರಿಗಳಿದ್ರು. ಅವ್ರ ಹೆಸರೂ ಆಗರ್."

"ನಮ್ಮ ಹಾಲಕ್ಕಿ ಶಕುನದವ್ರ ಇದ್ದಂಗ ಏನ್ರಿ ಮಿಸ್?" ಎಂದಳು ಮುಂದೆ ಕುಳಿತ ಹುಡುಗಿ.

"ಹಂಗೇ. ಒಳ್ಳೇದು ತೋರಿಸಿದ್ರ ಆಗರ್ಸ್ ವೆಲ್ ಅನ್ನಬೇಕು. ಕೆಟ್ಟದ್ದು ತೋರಿಸಿದ್ರ ಆಗರ್ಸ್ ಇಲ್. ಬರೇ ಆಗರ್ ಅಂದ್ರ ಒಳ್ಳೇದೋ ಕೆಟ್ಟದ್ದೋ ಗೊತ್ತಾಗೂದಿಲ್ಲ, ಅದಕ್ಕ ಮುಂದ ಒಂದು ಶಬ್ದ ಬೇಕೇ ಬೇಕು. ಈಗ ಇರುವಿ ತತ್ತಿ ಕಚಗೊಂಡು ಸಾಲು ಹಿಡದು ಹೊಂಟ್ರ ಏನಂತೀರಿ?"

"ಮಳಿ ಬರತದ ಅಂತೀವ್ರಿ."

"ಅದು ಬೆಳಿಗೆ ಆಗರ್ಸ್ ವೆಲ್. ಮಳಿ ತಂದದ್ದು ಇರುವಿ ಏನು?"

ಮಕ್ಕಳೆಲ್ಲ ನಕ್ಕರು. "ಇಲ್ರಿ. ಇರುವಿ ಎಲ್ಲಿಂದ ತರಬೇಕ್ರಿ?"

"ಅಷ್ಟೇ. ತೋರಸೂದು ಬ್ಯಾರೆ, ತರೂದು ಬ್ಯಾರೆ. ಈ ಶಬ್ದ ಬಳಸೂವಾಗ ಅದು ನೆನಪಿರಲಿ."

ಹಿಂದೆ ಕುಳಿತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ಕೆಟ್ಟ ಮನಸ್ಸಿನಿಂದಲ್ಲ, ಪಾಠ ತಿಳಿಯಿತೆಂಬ ಹುರುಪಿನಿಂದ. "ಮಿಸ್, ನೀವು ಬಂದ ದಿನ ಕಾಲುವಿ ಒಡೀತಲ್ರಿ. ನೀವು ಬಂದದ್ದು ಊರಿಗೆ ಆಗರ್ಸ್ ಇಲ್ ಅನಬೇಕೇನ್ರಿ?"

ಮೊರದ ಸದ್ದು ನಿಂತಿತು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ. ಮೋನಮ್ಮ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದಳು.

"ವಾಕ್ಯ ಸರಿ ಅದ," ಎಂದಳು. "ಖರೇ ಅಲ್ಲ."

ಆಮೇಲೆ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಮುಂದಿನ ಶಬ್ದ ಬರೆದಳು. ಅಕ್ಷರ ಸ್ವಲ್ಪ ಸೊಟ್ಟಗಾಗಿತ್ತು. ಮರಿಲಿಂಗಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು, ಅರ್ಧ ಅಕ್ಕಿ ಹಾಗೆಯೇ ಉಳಿದಿತ್ತು. ರಾತ್ರಿ ಊಟ ಬೇಡವೆಂದಳಂತೆ. ಈಶಪ್ಪ ಹೇಳಿದ ಮೇಲೆ ಗೊತ್ತಾಯಿತು. ಊಟ ಬೇಡ ಎಂದು ಆಕೆ ಅಂದದ್ದು ಅದೇ ಮೊದಲು.

ಮರುದಿನ ಮುಂಜಾನೆ ಚಾಂದಪಾಶಾನ ಆಟೊ ಮನೆಯ ಮುಂದೆ ಬಂದು ನಿಂತಿತು. ಮೋನಮ್ಮನ ಬ್ಯಾಗು ಹೊಸ್ತಿಲ ಒಳಗಿತ್ತು. ಕಟ್ಟೆಯ ಮೇಲೆ ಅಂಬ್ರಪ್ಪ, ಈಶಪ್ಪ, ಓಣಿಯ ನಾಲ್ಕಾರು ಹಿರಿಯರು. ಮುದುಕನಾದ ನಬಿಸಾಬನೂ ಕೋಲು ಊರಿಕೊಂಡು ಬಂದು ಕುಳಿತಿದ್ದ. ನಾನೂ ಹೋಗಿ ಕಂಬಕ್ಕೆ ಒರಗಿ ನಿಂತೆ. ಹುಲಗಪ್ಪ ಆಟೊದ ಚಕ್ರ ನೋಡುತ್ತ ನಿಂತಿದ್ದ, ಅದು ತನ್ನದೇ ಗಾಡಿ ಎಂಬಂತೆ.

ಮರಿಲಿಂಗಮ್ಮ ಹೊರಗೆ ಬಂದು ಬ್ಯಾಗಿಗೂ ಆಟೊಗೂ ನಡುವೆ ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡನ ಅಣ್ಣನ ಎದುರು ಆಕೆ ಹಾಗೆ ನಿಂತು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಭಾವಾರ, ನಂದು ಒಂದು ಮಾತದರಿ."

"ಏನದು? ಮಾತು ಮುಗದದ," ಎಂದ ಅಂಬ್ರಪ್ಪ. "ಗದ್ದಿ ಪಟ್ಟಿಗೆ ಪಟ್ಟಿನೇ ಉಸುಕಾಗ ಮುಚ್ಚೇದ. ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಕಾಲ್ಗುಣ ಅಂಬೋದು ಒಂದದ. ನಿನಗ ನಾ ಹೇಳಬೇಕೇನ? ನಿನ್ನ ಕಾಲಿಗೆ ಊರೆಲ್ಲಾ ಉಡಿ ತುಂಬೇದ."

"ಅದನ್ನೇ ಹೇಳಾಕತ್ತೇನ್ರಿ. ನನ್ನ ಕಾಲಾಗ ಏನೂ ಇಲ್ರಿ. ನಾ ನೀರು ತಂದಾಕಿ ಅಲ್ಲ. ನೀರೇ ನನ್ನ ತಡದಿತ್ತು." ಆಕೆ ಕಾಲುವೆಯ ದಿಕ್ಕಿಗೆ ಕೈ ತೋರಿಸಿದಳು. "ನಾ ಬರೂದಕ್ಕಿಂತ ಮೊದಲೇ ಕಾಲುವಿ ತುಂಬಿತ್ತರಿ. ಎತ್ತು ದಾಟಲಿಲ್ಲ. ದಂಡಿ ಮ್ಯಾಲ ಸಂಜಿತನ ಹಸಗೊಂಡು ಕುಂತಿದ್ದೆ. ನೀವೆಲ್ಲಾ ಗಂಗವ್ವ ಅಂದ್ರಿ, ನಾ ಸುಮ್ಮನಿದ್ದೆ. ಹೊಗಳಿದ್ರ ಯಾರಿಗೆ ಬ್ಯಾಡ್ರಿ?"

ಅಂಬ್ರಪ್ಪ ನಬಿಸಾಬನ ಕಡೆ ತಿರುಗಿದ. "ಏನೋ ನಬಿ, ಬಂಡಿ ಹೊಡದಾಂವ ನೀನೇ. ಖರೇ ಏನು?"

ನಬಿಸಾಬ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಖರೇ ಅದ ಗೌಡ್ರ. ಅವತ್ತೇ ಹೇಳಾಕ ಹೋಗಿದ್ದೆ. ಬಾಲಮ್ಮವ್ವ ಬಾಯಾಗ ಹೋಳಿಗಿ ತುರುಕಿದ್ಲು. ಇವತ್ತಿನತನ ನುಂಗಾಕತ್ತೇನಿ."

ಯಾರೋ ಕಿಸಕ್ಕನೆ ನಕ್ಕರು. ಅಂಬ್ರಪ್ಪ ನಗಲಿಲ್ಲ. "ಸೊಸಿನ್ನ ಉಳಿಸ್ಕೊಳ್ಳಾಕ ಹೇಳಾಕತ್ತಿ ನೀನು," ಎಂದ.

"ಹೌದ್ರಿ, ಉಳಿಸ್ಕೊಳ್ಳಾಕೇ ಹೇಳಾಕತ್ತೇನಿ. ಸುಳ್ಳಂತೂ ಹೇಳಾಕತ್ತಿಲ್ಲ. ನಾ ನೀರು ತಂದಿದ್ದು ಖರೇ ಅಂದ್ರ ಈಕಿ ಕಾಲುವಿ ಒಡದಿದ್ದೂ ಖರೇ. ಅದು ಸುಳ್ಳಂದ್ರ ಇದೂ ಸುಳ್ಳು. ಒಂದು ಇಟಗೊಂಡು ಒಂದು ಬಿಡಾಕ ಬರೂದಿಲ್ರಿ ಭಾವಾರ. ಪೆಟ್ಟಿಗಿ ತುಂಬ ಖಣ ಅವ. ಯಾರದ್ಯಾರದು ಅಂತ ಗುರುತು ಹಿಡದು ಒಯ್ಯಾಕ ಹೇಳ್ರಿ. ಸಾಯಬಮ್ಮನ್ನ ಹಿಂಗೇ ನಾಲ್ಕು ದಿನ ಅಂತ ಕಳಿಸಿದ್ರು. ಆಕಿ ಹೋಗೂದು ನೋಡಕೋತ ನಾ ಬಾಗಲಾಗ ನಿಂತಿದ್ದೆ. ಇನ್ನೊಮ್ಮೆ ನಿಂದ್ರಾಕ ನನ್ನ ಕೈಲೆ ಆಗೂದಿಲ್ಲ."

ಇಷ್ಟು ಹೇಳಿ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಹುಲಗಪ್ಪನಿಗೆ, "ಆಟೊ ಕಳಸು, ಹೊಲಕ್ಕ ನಡಿ. ದೊಡ್ಡಪ್ಪನ ಗದ್ದ್ಯಾಗಿನ ಉಸುಕು ಟ್ರ್ಯಾಕ್ಟರ್ ತಗೊಂಡು ಹೋಗಿ ಬಳಿ" ಎಂದಳು. ಅವನು ಹೂಂ ಅಂದ. ಈ ಹೂಂ ಮಾತ್ರ ಉಪಯೋಗಕ್ಕೆ ಬಂತು, ಅವನು ಹೋಗಿ ನಿಜಕ್ಕೂ ಬಳಿದ. ಉಸುಕು ತೆಗೆದ ಗದ್ದೆಯಲ್ಲಿ ಮತ್ತೆ ನಾಟಿಯಾಗುವುದನ್ನು ಕಂಡ ಮೇಲೆ ಅಂಬ್ರಪ್ಪನ ಸಿಟ್ಟೂ ಇಳಿಯಿತು. ಮೋನಮ್ಮನನ್ನು ಕಳಿಸುವ ಮಾತು ಮತ್ತೆ ಏಳಲಿಲ್ಲ.

ಮರಿಲಿಂಗಮ್ಮನನ್ನು ಕರೆಯುವವರು ಮಾತ್ರ ಕಡಿಮೆಯಾದರು. ಖಣ ವಾಪಸು ಒಯ್ಯಲು ಯಾರೂ ಬರಲಿಲ್ಲ, ಹೊಸ ಖಣ ಕೊಡಲೂ ಬರಲಿಲ್ಲ. ಪಕ್ಕದ ಓಣಿಯವರು ಗೊಬ್ಬರದ ಅಂಗಡಿ ತೆರೆದಾಗ ಆಕೆ ಬೆಳಗ್ಗೆಯೇ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗಡಿಯ ಪೂಜೆಯ ಗಂಟೆ ಕೇಳಿಸಿತು, ತೆಂಗಿನಕಾಯಿ ಒಡೆದದ್ದೂ ಕೇಳಿಸಿತು. ಆಕೆ ಎದ್ದು ಹೋಗಿ ಸೀರೆ ಬದಲಿಸಿ ದನಕ್ಕೆ ಮೇವು ಹಾಕಿದಳು. ನನಗೆ ತುಂಬ ಕೆಟ್ಟದೆನಿಸಿತು. ಸುಳ್ಳೇ ಇರಬಹುದು, ಆದರೆ ಆಕೆಯ ಕೈಯಲ್ಲಿದ್ದದ್ದು ಅದೊಂದೇ ಹೆಮ್ಮೆ. ಅದನ್ನು ಬಿಡುವಾಗ ಬೆಲೆ ಗೊತ್ತಿದ್ದೇ ಬಿಟ್ಟಿದ್ದಳು. ಆದರೂ ಗೊತ್ತಿದ್ದ ಮಾತ್ರಕ್ಕೆ ನೋವು ಕಡಿಮೆಯಾಗುತ್ತದೆಯೇ?

ಮರುವರ್ಷ ಮೋನಮ್ಮನಿಗೆ ಯಾದಗಿರಿಯಲ್ಲಿ ಕಾಯಂ ಶಿಕ್ಷಕರ ನೇಮಕದ ಪರೀಕ್ಷೆ ಬಂತು. ಅವತ್ತು ನಾನೂ ಪಿಂಚಣಿ ಕೆಲಸಕ್ಕೆ ಅದೇ ಬಸ್ಸಿಗೆ ಹೊರಟಿದ್ದೆ. ಮೋನಮ್ಮ ಹೊಸ್ತಿಲು ದಾಟುವ ಮೊದಲು ನಿಂತಳು.

"ಅತ್ತಿ, ನೀವು ಎದುರು ಬರ್ರಿ."

"ಏನ ಹುಚ್ಚಿ ಇದ್ದಿ," ಎಂದಳು ಮರಿಲಿಂಗಮ್ಮ. "ನನ್ನ ಕಾಲಾಗ ಏನೂ ಇಲ್ಲಂತ ಊರ ಮುಂದೇ ಹೇಳೀನಲ್ಲ. ನೀನೇ ಮಕ್ಕಳಿಗೆ ಪಾಠ ಹೇಳಾಕಿ."

"ಕಾಲಿನ ಸುದ್ದಿ ಯಾರು ಕೇಳ್ಯಾರ್ರಿ? ನಿಮ್ಮ ಮಾರಿ ನೋಡಿ ಬಸ್ ಹತ್ತಬೇಕು ಅನಸಾಕತ್ತದ. ಅಂಜಿಕಿ ಬರಾಕತ್ತದರಿ ನನಗ."

ಮರಿಲಿಂಗಮ್ಮ ಸೊಸೆಯ ಮುಖವನ್ನೇ ನೋಡಿದಳು. ಎದುರು ಬರಬೇಕೆಂದರೆ ಎದುರಿನಿಂದಲೇ ಬರಬೇಕು, ಅದಕ್ಕೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಓಣಿ ಸುತ್ತಬೇಕು. ಬಚ್ಚಲ ಹತ್ತಿರದ ಕೊಡ ಸೊಂಟಕ್ಕೆ ಇಟ್ಟುಕೊಂಡು ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಓಡಿದಳು. ನಾವು ಬಸ್ ನಿಲ್ದಾಣದ ಹತ್ತಿರ ಬರುವಾಗ ಬೇವಿನ ಮರದ ಮೂಲೆಯಿಂದ ಆಕೆ ಏದುಸಿರು ಬಿಡುತ್ತ ಬಂದಳು. ತಿರುಗುವಾಗ ಕೊಡ ಗೋಡೆಗೆ ತಾಗಿ ಠಣ್ಣೆಂದಿತು. ಖಾಲಿ ಕೊಡ.

ನಿಲ್ದಾಣದಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಖಾಲಿ ಕೊಡ ಎದುರಾದರೆ ನಮ್ಮ ಕಡೆ ಸಂತೆಗೆ ಹೊರಟವರೂ ಹಿಂದಿರುಗುತ್ತಾರೆ. ಮರಿಲಿಂಗಮ್ಮ ಕೊಡವನ್ನು ನೋಡಿಕೊಂಡಳು, ಮುಖ ಬಿಳುಚಿತು.

"ತುಂಬಾಕ ಮರತೆನವ್ವ. ಗಡಬಡಿಯಾಗ ಮರತೆ. ತಡಿ, ಮುಂದಿನ ಬಸ್ಸಿಗೆ ಹೋಗು."

ಮೋನಮ್ಮನಿಗೆ ನಗು ಬಂತು. ಎಲ್ಲರೂ ನೋಡುತ್ತಿದ್ದಂತೆ ಗಟ್ಟಿಯಾಗಿ ನಕ್ಕಳು. ಅಂಜಿಕೆಯೆಲ್ಲ ಆ ನಗುವಿನಲ್ಲೇ ಹೋಯಿತೇನೋ. "ನಾ ಕೊಡ ಎಲ್ಲಿ ನೋಡೀನ್ರಿ ಅತ್ತಿ," ಎಂದು ಬಗ್ಗಿ ಕಾಲು ಮುಟ್ಟಿ ಬಸ್ ಹತ್ತಿದಳು.

ನಾನು ಹಿಂದಿನ ಸೀಟಿನಲ್ಲಿ ಕುಳಿತು ಹೊರಗೆ ನೋಡಿದೆ. ಮರಿಲಿಂಗಮ್ಮ ಖಾಲಿ ಕೊಡ ಹಿಡಿದು ರಸ್ತೆಯ ನಡುವೆಯೇ ನಿಂತಿದ್ದಳು. ಹೆಂಗಸರು ಏನೋ ಅನ್ನುತ್ತಿದ್ದರು, ಆಕೆಗೆ ಕೇಳುತ್ತಿರಲಿಲ್ಲ. ಬಸ್ಸು ತಿರುಗುವತನಕ ನಗುತ್ತಲೇ ಇದ್ದಳು, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.